ಆ ‘ಹೇಗೋ’ ಒಳಗೆ ಏನಿತ್ತು?

ನಮಸ್ಕಾರ,

ನಿಮ್ಮ ಸೂರ್ಯಾಸ್ತದ ಬರಹ ಓದಿದೆ. ನೇರವಾಗಿ ಹೇಳಿಬಿಡ್ತೀನಿ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಯಾಕೆಂದರೆ ಇದರೊಳಗೆ ಒಂದು ಒಳ್ಳೆಯ ಬರಹ ಇದೆ, ನೀವು ಅದರ ಪಕ್ಕದಲ್ಲೇ ಹಾದುಹೋಗಿದ್ದೀರಿ.

ನೀವು ಹೇಳಿದ್ದು ಇಷ್ಟು. ಮೂರು ದಿನ ಕ್ಯಾಂಪಿಂಗ್‌ಗೆ ಹೋಗಿದ್ದಿರಿ. ಎರಡನೇ ದಿನ ಸಂಜೆ ಮಾಡಲು ಏನೂ ಇರಲಿಲ್ಲ. ಪಕ್ಕದ ಟೆಂಟಿನವರು “ಸೈಕಲ್ ಬೇಕಾದ್ರೆ ತಗೊಂಡು ಹೋಗಿ” ಅಂದರು. ಹೋದಿರಿ, ಗುಡ್ಡದ ಮೇಲಿಂದ ಸೂರ್ಯ ಮುಳುಗುವುದನ್ನು ನೋಡಿದಿರಿ, ವಾಪಸ್ ಬಂದಿರಿ. ನಾಲ್ಕು ಪುಟದಲ್ಲಿ ಎರಡೂವರೆ ಪುಟ ಆಕಾಶಕ್ಕೇ ಹೋಗಿದೆ.

ಮೊದಲು ಆ ‘ಅನಿರೀಕ್ಷಿತ’ ಅನ್ನುವ ಪದ. ಏಳು ಸಲ ಬಂದಿದೆ, ಎಣಿಸಿದೆ. ನೀವು ಅದನ್ನು ಹೇಳಿದಷ್ಟೂ ನನಗೆ ನಂಬಿಕೆ ಕಮ್ಮಿಯಾಗುತ್ತಾ ಹೋಯಿತು. ಯೋಚನೆ ಮಾಡದೆ ಹೊರಟವರು ಏನನ್ನೋ ಬಿಟ್ಟು ಹೋಗಿರುತ್ತಾರೆ, ಅಲ್ವಾ? ಕಾಲಲ್ಲಿ ಹವಾಯಿ ಚಪ್ಪಲಿ, ಟಾರ್ಚ್ ಟೆಂಟಿನ ಒಳಗೆ, ಒಗೆದ ಬಟ್ಟೆ ಇನ್ನೂ ಹಗ್ಗದ ಮೇಲೆ. ಇಂಥದ್ದು ಬೇಕು. ನೀವೇ ಒಂದು ಕಡೆ ಬರೆದಿದ್ದೀರಿ: “ಸೀಟು ನನಗಿಂತ ಎತ್ತರದವರಿಗೆ ಹೊಂದಿಸಿದ್ದಾಗಿತ್ತು.” ಎಷ್ಟು ಒಳ್ಳೆಯ ಸಾಲು! ಬೇರೆಯವರ ಸೈಕಲ್, ನಿಲ್ಲಿಸಿದಾಗ ನೆಲಕ್ಕೆ ಎಟುಕದ ಕಾಲು, ಗೇರ್ ಯಾವ ಕಡೆ ತಿರುಗಿಸಿದರೆ ಹಗುರಾಗುತ್ತೆ ಅಂತ ಗೊತ್ತಾಗದ ಕಸಿವಿಸಿ. ಆದರೆ ಮುಂದಿನ ಸಾಲಿಗೇ ಸೀಟನ್ನು ಅಲ್ಲೇ ಬಿಟ್ಟು ‘ಪ್ರಕೃತಿಯ ಮಡಿಲಿಗೆ’ ಹೋಗಿ ಕೂತಿರಿ. ಗುಡ್ಡ ಹತ್ತುವಾಗ ಆ ಸೀಟು ತೊಂದರೆ ಕೊಡಲಿಲ್ವಾ? ಇಳಿದು ತಳ್ಳಿದಿರಾ? ತಳ್ಳಿದ್ದರೆ ಬರೆಯಿರಿ, ಅದರಲ್ಲಿ ನಾಚಿಕೆ ಏನು.

ಇನ್ನೊಂದು ವಿಷಯ. ಹೊರಡುವಾಗ ‘ನಾನು’ ಇದ್ದವರು ಗುಡ್ಡದ ಮೇಲೆ ‘ನಾವು’ ಆಗಿದ್ದೀರಿ. ಸೈಕಲ್ ಒಂದೇ ಅಲ್ವಾ? ಎರಡನೆಯವರು ಎಲ್ಲಿಂದ ಬಂದರು? ಕ್ಯಾರಿಯರ್ ಮೇಲೆ ಕೂತಿದ್ದರೋ, ಹಿಂದೆ ಓಡಿ ಬಂದರೋ? ಯಾರನ್ನೋ ಬರಹದಿಂದ ತೆಗೆದಿದ್ದೀರಿ ಅನ್ನಿಸಿತು. ಅದು ನಿಮ್ಮಿಷ್ಟ, ಆದರೆ ತೆಗೆಯುವುದಾದರೆ ಪೂರ್ತಿ ತೆಗೆಯಿರಿ.

ಈಗ ಸೂರ್ಯ. ‘ಹೊನ್ನಿನ ಓಕುಳಿ’ ‘ಕೆಂಪು ಚೆಂಡು’ ಎಲ್ಲಾ ಹೊಡೆದುಹಾಕಿ. ನಾನೂ ಒಂದು ಕಾಲದಲ್ಲಿ ಓಕುಳಿ ಚೆಲ್ಲಿದವನೇ, ಹಾಗಾಗಿ ಬೈಯುವ ಹಕ್ಕು ಇದೆ ಅಂದುಕೊಳ್ತೀನಿ. ಅದಕ್ಕಿಂತ ದೊಡ್ಡ ತಕರಾರು ಈ ಸಾಲಿನ ಮೇಲೆ: “ಅರ್ಧ ಗಂಟೆ ಸೂರ್ಯ ದಿಗಂತದಲ್ಲಿ ಮುಳುಗುತ್ತಲೇ ಇದ್ದ.” ಧ್ರುವದ ಹತ್ತಿರ ಟೆಂಟ್ ಹಾಕಿದ್ದರೆ ಮಾತು ಬೇರೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ ಅಷ್ಟೇ, ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಸಾಕು. ಜನ ವಾಸ ಮಾಡುವ ಬಹುತೇಕ ಕಡೆ ಅವನ ಕೆಳಗಿನ ಅಂಚು ದಿಗಂತ ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ಸುಮಾರು 2ರಿಂದ 4 ನಿಮಿಷ ಹಿಡಿಯುತ್ತದೆ. ಇದನ್ನು ಬರಹದೊಳಗೆ ತುರುಕಿ ಅಂತ ಹೇಳ್ತಿಲ್ಲ. ಆದರೆ ಏದುಸಿರು ಬಿಡುತ್ತಾ ಗುಡ್ಡ ಹತ್ತಿದವರಿಗೆ ಸಿಕ್ಕಿದ್ದು ಮೂರೇ ನಿಮಿಷ ಅಂದರೆ ಓದುವವನಿಗೂ ಧಾವಂತ ಹತ್ತುತ್ತೆ. ಅರ್ಧ ಗಂಟೆ ಅಂದರೆ ಅವನೂ ಆರಾಮಾಗಿ ಆಕಳಿಸುತ್ತಾನೆ.

“ಸೂರ್ಯ ಮುಳುಗಿದ, ಎಲ್ಲಾ ಮುಗಿಯಿತು, ಹೊರಟೆವು” ಅಂದಿದ್ದೀರಿ. ಎಲ್ಲಿ ಮುಗಿಯಿತು? ಎತ್ತರದ ಮೋಡ ಇದ್ದರೆ ಅವನು ಇಳಿದ ಮೇಲೇ ಅವಕ್ಕೆ ಕೆಳಗಿನಿಂದ ಬೆಳಕು ಬೀಳುತ್ತದೆ, ಬಣ್ಣ ಎಷ್ಟೋ ಸಲ ಆಮೇಲೇ ಜಾಸ್ತಿಯಾಗುತ್ತದೆ. ಇನ್ನೊಂದು, ಸೂರ್ಯನ ಕಡೆ ಮುಖ ಮಾಡಿ ಹೋದವರು ವಾಪಸ್ ಬರುವಾಗ ಮುಖ ಪೂರ್ವಕ್ಕೆ ಇರಬೇಕು. ಆಕಾಶ ತಿಳಿಯಾಗಿದ್ದರೆ ಅಲ್ಲಿ ತಳದಲ್ಲಿ ಬೂದು ನೀಲಿಯ ಒಂದು ಪಟ್ಟಿ, ಅದರ ಮೇಲೆ ತೆಳು ಗುಲಾಬಿ ಕಾಣುತ್ತದೆ. ಆ ನೀಲಿ ಪಟ್ಟಿ ಭೂಮಿಯದೇ ನೆರಳು, ನಿಧಾನಕ್ಕೆ ಮೇಲೆ ಏಳುತ್ತಿರುತ್ತದೆ. ಅದನ್ನು ನೀವು ನೋಡಿದಿರೋ ಇಲ್ವೋ. ನೋಡಿರದಿದ್ದರೆ ದಯವಿಟ್ಟು ನೋಡಿದ ಹಾಗೆ ಬರೆಯಬೇಡಿ. ಹ್ಯಾಂಡಲ್ ಬಿಗಿಯಾಗಿ ಹಿಡಿದು ನೆಲ ನೋಡುತ್ತಾ ಬಂದಿದ್ದರೆ ನೆಲವನ್ನೇ ಬರೆಯಿರಿ.

ಯಾಕೆಂದರೆ ನನಗೆ ಬೇಕಾಗಿದ್ದೂ ಅದೇ. ನಿಮ್ಮ ಕೊನೆಯ ಪುಟದಲ್ಲಿ ಒಂದು ಸಾಲಿದೆ: “ಹೇಗೋ ಕತ್ತಲಲ್ಲಿ ದಾರಿ ಹುಡುಕಿಕೊಂಡು ಟೆಂಟ್ ಸೇರಿದೆವು.” ಆ ‘ಹೇಗೋ’ ಒಳಗೆ ನಿಮ್ಮ ಕಥೆ ಇದೆ ಕಣ್ರೀ! ಸೈಕಲ್ಲಿಗೆ ಲೈಟ್ ಇಲ್ಲ ಅಂತ ನೀವೇ ಬರೆದಿದ್ದೀರಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಿತಾ? ಕಣ್ಣಿಗೆ ದಾರಿ ಕಾಣದಿದ್ದಾಗ ಚಕ್ರದ ಸದ್ದು ಕೇಳಿಸುತ್ತದೆ, ಮಣ್ಣಿನಿಂದ ಜಲ್ಲಿಗೆ ಬಂದರೆ ಸದ್ದು ಬದಲಾಗುತ್ತದೆ, ಅಂಚಿಗೆ ಬಂದಿರಿ ಅಂತ ಅದರಿಂದಲೇ ಗೊತ್ತಾಗುತ್ತದೆ. ತಗ್ಗಿಗೆ ಇಳಿದ ಕೂಡಲೇ ಮುಖಕ್ಕೆ ತಣ್ಣನೆ ಗಾಳಿ ಬಡಿಯುತ್ತದೆ, ರಾತ್ರಿ ತಂಪು ಗಾಳಿ ತಗ್ಗಿನಲ್ಲಿ ಬಂದು ನಿಲ್ಲುವುದರಿಂದ. ಬಾಯಿ ತೆರೆದರೆ ಹುಳ. ಆಮೇಲೆ ಕ್ಯಾಂಪ್ ಜಾಗ ಸಿಕ್ಕಿದರೂ ಕತ್ತಲಲ್ಲಿ ಎಲ್ಲಾ ಟೆಂಟೂ ಒಂದೇ ಥರ, ಯಾರದೋ ಟೆಂಟಿನ ಹಗ್ಗಕ್ಕೆ ಕಾಲು ಸಿಕ್ಕಿಕೊಳ್ಳದೆ ಯಾರೂ ಒಳಗೆ ಬರೋಕೆ ಸಾಧ್ಯವಿಲ್ಲ. ಇವೆಲ್ಲಾ ನನ್ನ ಊಹೆ. ಇವನ್ನೇ ಎತ್ತಿ ಬರೆದು ಕಳಿಸಿದರೆ ಗೊತ್ತಾಗಿಬಿಡುತ್ತೆ, ಹುಷಾರು. ನಿಮ್ಮವು ಬೇರೆ ಇರುತ್ತವೆ.

ಮೊದಲ ಪುಟದಲ್ಲಿರುವ ಸಾಮಾನಿನ ಪಟ್ಟಿ ಪೂರ್ತಿ ತೆಗೆಯಿರಿ. ‘ಜೀವನವೂ ಒಂದು ಸೈಕಲ್ ಪಯಣ’ ಅನ್ನುವ ಕೊನೆಯ ಪ್ಯಾರಾವನ್ನು ಇನ್ನೊಮ್ಮೆ ಓದಿಕೊಳ್ಳದೇ ಅಳಿಸಿ, ಓದಿದರೆ ಮೋಹ ಬರುತ್ತದೆ. ಆಕಾಶಕ್ಕೆ ಅರ್ಧ ಪುಟ, ವಾಪಸ್ ದಾರಿಗೆ ಎರಡು ಪುಟ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಅಂದ ಹಾಗೆ, ಆ ಸೈಕಲ್ ವಾಪಸ್ ಕೊಡುವಾಗ ಪಕ್ಕದ ಟೆಂಟಿನವರು ಏನಂದರು? ಅವರು ಆಗಲೇ ಹುಡುಕೋಕೆ ಹೊರಟಿದ್ದರೋ, ಇಲ್ಲಾ ಮಲಗಿಬಿಟ್ಟಿದ್ದರೋ?