ದವಡೆ ಟಕ್ ಅನ್ನುತ್ತೆ, ಬೆಳಗ್ಗೆ ಕೆನ್ನೆ ನೋವು: ಮುಂದಿನ ಹಲ್ಲಿನ ಗಾರ್ಡ್ ಹಾಕಲೇ, ಕ್ಲಿಪ್ ಹಾಕಿಸಲೇ?

ಎರಡೂ ಈಗ ಬೇಡ. ಮೇಲಿನ ನಾಲ್ಕು ಬಾಚಿಹಲ್ಲಿಗೆ ಮಾತ್ರ ಕೂರುತ್ತೆ ಅಂತ ನೀವು ಬರೆದಿರುವ ಆ ಸಣ್ಣ ಗಾರ್ಡನ್ನಂತೂ ತರಿಸಲೇಬೇಡಿ. ಡೆಂಟಲ್ ಕಾಲೇಜಿನಲ್ಲಿದ್ದಾಗ ಅಂಥದ್ದನ್ನೇ ನನ್ನ ಬಾಯಿಗೆ ನಾನೇ ಮಾಡಿಕೊಂಡಿದ್ದೆ. ನಿಮ್ಮದೇ ಲಕ್ಷಣ: ಬಲಗಿವಿಯ ಮುಂದೆ ಟಕ್ ಸದ್ದು, ಎದ್ದ ಕೂಡಲೇ ಕೆನ್ನೆ ಬಿಗಿತ. ಆಲ್ಜಿನೇಟ್‌ನಲ್ಲಿ ಅಚ್ಚು ತೆಗೆದು, ಬಿಸಿಯಿಲ್ಲದೆ ಗಟ್ಟಿಯಾಗುವ ಪ್ಲಾಸ್ಟಿಕ್ಕಾದ ಕೋಲ್ಡ್ ಕ್ಯೂರ್ ಅಕ್ರಿಲಿಕ್‌ನಲ್ಲಿ ಕೋರೆಹಲ್ಲಿನಿಂದ ಕೋರೆಹಲ್ಲಿಗೆ ಒಂದು ತುಂಡು. ಕಚ್ಚಿದರೆ ಹಿಂದೆ ದವಡೆಹಲ್ಲುಗಳ ನಡುವೆ ಸುಮಾರು 2 ಮಿ.ಮೀ. ಸಂದಿ ಉಳಿಯುತ್ತಿತ್ತು.

ಮೊದಲ ವಾರ ನೋವು ನಿಜಕ್ಕೂ ಇಳಿಯಿತು. ಮುಂದಿನ ಹಲ್ಲು ಮಾತ್ರ ಕೂಡಿದಾಗ ದವಡೆ ಬಿಗಿಯುವ ಸ್ನಾಯುಗಳು ಪೂರ್ತಿ ಬಲ ಹಾಕಲಾರವು. ಪೂರ್ತಿ ಬಲ ಬರುವುದು ದವಡೆಹಲ್ಲು ಕೂಡಿದಾಗ. ಹಾಗಾಗಿ ಕೆನ್ನೆ ಸಡಿಲವಾಗುತ್ತೆ. ಸುಖವಾಯಿತೆಂದು ರಾತ್ರಿಯ 8 ಗಂಟೆ ಸಾಲದೆ ಓದುವಾಗಲೂ ಹಾಕಿದೆ, ಕ್ಲಾಸಿನಲ್ಲೂ ಹಾಕಿದೆ, ಕೊನೆಗೆ ಊಟಕ್ಕೆ ಮಾತ್ರ ತೆಗೆಯುತ್ತಿದ್ದೆ. ದಿನಕ್ಕೆ 20 ಗಂಟೆಯಂತೆ ನಾಲ್ಕು ತಿಂಗಳು.

ನನ್ನ ತಪ್ಪು ಇಲ್ಲಿದೆ, ಇದನ್ನು ಬಿಡಿಸಿ ಹೇಳಬೇಕು. ಹಲ್ಲು ಹುಟ್ಟಿದ ಮೇಲೆ ನಿಂತುಬಿಡುವುದಿಲ್ಲ. ಎದುರಿನ ಹಲ್ಲು ಸಿಗುವವರೆಗೂ ಮೂಳೆಯಿಂದ ಮೇಲೇಳಲು ನೋಡುತ್ತಲೇ ಇರುತ್ತೆ. ಅದನ್ನು ತಡೆದಿರುವುದು ಎದುರಿನ ಹಲ್ಲಿನ ತಾಕುವಿಕೆ. ಕೆಳಹಲ್ಲು ಕಿತ್ತು ಹಾಗೇ ಬಿಟ್ಟವರಲ್ಲಿ ಮೇಲಿನ ಹಲ್ಲು ಇಳಿದು ಜೋತಿರುವುದನ್ನು ನೋಡಿರುತ್ತೀರಿ, ಅದೇ ಕ್ರಿಯೆ. ಮೇಲಿನ ಮುಂದಿನ ಹಲ್ಲು ಕೆಳಗಿನವನ್ನು ಪೂರ್ತಿ ಮುಚ್ಚುವ ಮಕ್ಕಳಿಗೆ ಇದೇ ಆಕಾರದ ಪ್ಲೇಟ್ ಕೊಟ್ಟು, ಬೇಕೆಂದೇ ದವಡೆಹಲ್ಲುಗಳನ್ನು ಏಳಿಸುತ್ತಾರೆ. ಅದು ಪಠ್ಯದಲ್ಲೇ ಇತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನ್ನದು ‘ನೋವಿನ ಗಾರ್ಡ್’, ಅದು ‘ಕ್ಲಿಪ್ಪಿನವರ ಪ್ಲೇಟ್’ ಎಂದು ಮನಸ್ಸಿನಲ್ಲಿ ಎರಡು ಖಾನೆ ಮಾಡಿಕೊಂಡಿದ್ದೆ. ಹಲ್ಲಿಗೆ ಆ ಭೇದವಿಲ್ಲ. ಎದುರಾಳಿ ಕಾಣಲಿಲ್ಲ, ಎದ್ದವು.

ದವಡೆಹಲ್ಲು ಎದ್ದದ್ದು ಹೆಚ್ಚೆಂದರೆ 1 ಮಿ.ಮೀ. ಆದರೆ ಬಾಗಿಲ ಕೀಲಿನ ಸಂದಿಗೆ ಸಣ್ಣ ಕಡ್ಡಿ ಸಿಕ್ಕಿದರೆ ಹಿಡಿಯ ಕಡೆ ಬಾಗಿಲು ಎಷ್ಟು ತೆರೆದು ನಿಲ್ಲುತ್ತೆ ನೋಡಿ. ಕೆಳದವಡೆಯ ಕೀಲು ಕಿವಿಯ ಮುಂದಿದೆ. ಹಿಂದೆ 1 ಮಿ.ಮೀ. ಎತ್ತರವಾದರೆ ಮುಂದೆ 2ರಿಂದ 3 ಮಿ.ಮೀ. ಬಾಯಿ ಬಿಡುತ್ತೆ. ನನ್ನದು ಎರಡೂವರೆ ಬಿಟ್ಟಿತು. ದೋಸೆಯ ಅಂಚನ್ನು ಮುಂದಿನ ಹಲ್ಲಿನಲ್ಲಿ ಕತ್ತರಿಸಲಾಗದೆ ಹೋದ ದಿನ ಗೊತ್ತಾಯಿತು.

ಅದಕ್ಕೂ ಮೊದಲೇ ಗೊತ್ತಾಗಬೇಕಿತ್ತು. ಗಾರ್ಡ್ ತೆಗೆದ ಮೇಲೆ ಮೊದಮೊದಲು ಹತ್ತು ನಿಮಿಷ ಮುಂದಿನ ಹಲ್ಲು ಕೂಡುತ್ತಿರಲಿಲ್ಲ. ಸ್ನಾಯು ಸಡಿಲಾದಾಗ ಅಷ್ಟು ಸಹಜ. ಆಮೇಲೆ ಅದು ಅರ್ಧ ಗಂಟೆಯಾಯಿತು, ಎರಡನೇ ತಿಂಗಳಿಗೆ ಇನ್ನೂ ಹೆಚ್ಚು ಹೊತ್ತು ಎಳೆಯಿತು. ಹೊತ್ತು ಬೆಳೆಯುತ್ತಾ ಹೋಗುವುದೇ ಎಚ್ಚರಿಕೆ. ದಿನಾ ಬೆಳಗ್ಗೆ ತೆಳು ಕಾಗದದ ಪಟ್ಟಿಯೊಂದನ್ನು ಮುಂದಿನ ಹಲ್ಲಲ್ಲಿ ಕಚ್ಚಿ ಎಳೆದು ನೋಡಿದ್ದರೆ, ಶುರುವಿನ ಪ್ಲಾಸ್ಟರ್ ಮಾಡೆಲ್ ಒಂದನ್ನು ಎತ್ತಿಟ್ಟಿದ್ದರೆ, ಅಲ್ಲೇ ನಿಲ್ಲಿಸುತ್ತಿದ್ದೆ. ನಿಲ್ಲಿಸಿದ ಮೇಲೆ ಮೂರು ತಿಂಗಳಲ್ಲಿ ಅರ್ಧ ಸಂದಿ ತಾನೇ ಮುಚ್ಚಿತು. ಉಳಿದರ್ಧಕ್ಕೆ ದವಡೆಹಲ್ಲುಗಳನ್ನು ಮತ್ತೆ ಮೂಳೆಯೊಳಗೆ ಒತ್ತಲು ದವಡೆಯ ಮೂಳೆಗೆ ಕೂರಿಸುವ ಮಿನಿ ಸ್ಕ್ರೂ ಮತ್ತು ಕ್ಲಿಪ್, 14 ತಿಂಗಳು. ಟಕ್ ಸದ್ದು ಇವತ್ತಿಗೂ ಇದೆ, ನೋವಿಲ್ಲದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕೀಲಿನ ಗುಂಡು ಮತ್ತು ಗುಳಿಯ ನಡುವೆ ಇರುವ ಮೆತ್ತನೆಯ ಡಿಸ್ಕ್ ಸ್ವಲ್ಪ ಮುಂದೆ ಜರುಗಿದ್ದರೆ, ಬಾಯಿ ತೆರೆಯುವಾಗ ಗುಂಡು ಅದರ ಮೇಲೆ ಮರಳಿ ಹತ್ತುತ್ತೆ. ಆ ಹತ್ತುವ ಸದ್ದೇ ಟಕ್. ನೋವಿಲ್ಲದ, ಬಾಯಿ ಸಿಕ್ಕಿಕೊಳ್ಳದ ಟಕ್‌ಗೆ ಚಿಕಿತ್ಸೆ ಬೇಕಿಲ್ಲ. ದವಡೆ ನೋವಿಗೆಲ್ಲ ಬೈಟ್, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ಕಾರಣ ಎಂಬ ನಂಬಿಕೆ 1934ರಲ್ಲಿ ಅಮೆರಿಕದ ಕಿವಿ ಮೂಗು ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಬರೆದ ಲೇಖನದ ಬೆನ್ನಿಗೆ ಹಬ್ಬಿತು. ಆಮೇಲಿನ ಪರೀಕ್ಷೆಗಳು ಅದನ್ನು ಎತ್ತಿ ಹಿಡಿಯಲಿಲ್ಲ. ಹಲ್ಲನ್ನು ತೇಯ್ದು ಬೈಟ್ ಸರಿಮಾಡಿದರೆ ಈ ತೊಂದರೆ ವಾಸಿಯಾಗುತ್ತೆ ಅಥವಾ ತಡೆಯಬಹುದು ಎನ್ನಲು ಪುರಾವೆಯಿಲ್ಲ ಎಂದು ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2003ರ ಕಾಕ್ರೇನ್ ವಿಮರ್ಶೆ ಹೇಳಿತು. ಹಲ್ಲು ವಕ್ರವಾಗಿದ್ದರೆ ಕ್ಲಿಪ್ ಹಾಕಿಸಿ, ಖಂಡಿತ. ಟಕ್ ನಿಲ್ಲಿಸಲು ಹಾಕಿಸಬೇಡಿ.

ಬೆಳಗಿನ ನೋವು ಬೇರೆ ವಿಷಯ. ಎರಡು ಕೆನ್ನೆಗೂ ಬೆರಳಿಟ್ಟು ಹಲ್ಲು ಕಚ್ಚಿ. ಉಬ್ಬುವ ಸ್ನಾಯುವನ್ನು ಒತ್ತಿದಾಗ ಅದೇ ನೋವು ಬಂದರೆ ಅದು ಸ್ನಾಯುವಿನದು. ಊಟ, ನುಂಗುವುದು ಎಲ್ಲ ಸೇರಿದರೂ ದಿನಕ್ಕೆ ಹಲ್ಲಿಗೆ ಹಲ್ಲು ತಾಕಬೇಕಾದ್ದು 20 ನಿಮಿಷದಷ್ಟೇ. ಈ ಸಾಲು ಓದುವಾಗ ನಿಮ್ಮ ಹಲ್ಲು ಕೂಡಿದ್ದರೆ ಅಲ್ಲೇ ಇದೆ ಕಾರಣ. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ 2ರಿಂದ 4 ಮಿ.ಮೀ. ಸಂದಿ ಇರಲಿ, ನಾಲಿಗೆಯ ತುದಿ ‘ಲ’ ಅನ್ನುವಾಗ ಮುಟ್ಟುವ ಜಾಗದಲ್ಲಿರಲಿ. ಫೋನಿನ ಹಿಂದೆ, ಮಾನಿಟರಿನ ಅಂಚಿಗೆ, ಗಾಡಿಯ ಮೀಟರಿನ ಮೇಲೆ ಒಂದೊಂದು ಬಣ್ಣದ ಚುಕ್ಕಿ ಅಂಟಿಸಿ. ಕಂಡಾಗಲೆಲ್ಲ ದವಡೆ ಸಡಿಲಿಸಿ. ನಾಲಿಗೆಯನ್ನು ಆ ‘ಲ’ ಜಾಗದಿಂದ ಬಿಡದೆ, ಕನ್ನಡಿಯಲ್ಲಿ ಗಲ್ಲ ನೇರ ಇಳಿಯುವಂತೆ ನೋಡುತ್ತಾ 6 ಸಲ ಬಾಯಿ ತೆರೆದು ಮುಚ್ಚಿ, ದಿನಕ್ಕೆ 6 ಹೊತ್ತು. ರಾತ್ರಿ ಬಿಸಿನೀರಲ್ಲಿ ಹಿಂಡಿದ ಟವೆಲ್ ಕೆನ್ನೆಗೆ 15 ನಿಮಿಷ. ಎರಡು ವಾರ ಚಕ್ಕುಲಿ, ನಿಪ್ಪಟ್ಟು, ಕಬ್ಬು, ಗಟ್ಟಿ ಚಪಾತಿ ಬಿಡಿ. ಮುದ್ದೆಯಷ್ಟು ಒಳ್ಳೆಯ ಊಟ ಈ ದಿನಗಳಿಗೆ ಬೇರೆ ಇಲ್ಲ, ಅಗಿಯುವ ಕೆಲಸವೇ ಇಲ್ಲ. ಆಕಳಿಸುವಾಗ ಗಲ್ಲದಡಿ ಮುಷ್ಟಿ ಕೊಡಿ. ಆರು ವಾರ ಬಿಡದೆ ಮಾಡಿ ನೋಡಿ.

ಇವತ್ತೇ ಬಾಯಿ ಪೂರ್ತಿ ತೆರೆದು, ಸ್ಕೇಲಿನಲ್ಲಿ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲಿನ ಅಂಚುಗಳ ನಡುವಿನ ಅಂತರ ಅಳೆದು ಬರೆದಿಡಿ. ದೊಡ್ಡವರಲ್ಲಿ 40ರಿಂದ 50 ಮಿ.ಮೀ. ಇರುತ್ತೆ. 35ಕ್ಕಿಂತ ಇಳಿದರೆ, ಟಕ್ ಇದ್ದಕ್ಕಿದ್ದಂತೆ ನಿಂತು ಬಾಯಿ ಅರ್ಧಕ್ಕೆ ತಡೆದರೆ, ವಾರದೊಳಗೆ ತೋರಿಸಿ. ಡಿಸ್ಕ್ ಮುಂದೆ ಸಿಕ್ಕಿಕೊಂಡಿರಬಹುದು. ಅಡಿಕೆ, ಗುಟ್ಕಾ ಹಾಕುವವರಲ್ಲಿ ಬಾಯಿ ಕಿರಿದಾಗುತ್ತಾ ಖಾರ ಉರಿದರೆ ಅದು ಕೀಲಿನ ಕಾಯಿಲೆಯೇ ಅಲ್ಲ, ಕೆನ್ನೆಯ ಒಳಪದರ ನಾರುಗಟ್ಟುತ್ತಿದೆ. ಅದು ಕ್ಯಾನ್ಸರಿಗೆ ತಿರುಗಬಲ್ಲದು. ನಮ್ಮ ಮಲೆನಾಡು, ಕರಾವಳಿಯ ಕಡೆಯವರು ಇದನ್ನು ದವಡೆ ಹಿಡಿದಿದೆ ಎಂದು ತಿಂಗಳುಗಟ್ಟಲೆ ಮುಂದೂಡುವುದು ನನಗೆ ತುಂಬಾ ಸಂಕಟದ ವಿಷಯ.

ದೀರ್ಘಕಾಲದ ನೋವಿಗೆ 2023ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಪ್ರಕಟಿಸಿದ ಮಾರ್ಗಸೂಚಿ ವ್ಯಾಯಾಮ, ಕೈಯಿಂದ ಸಡಿಲಿಸುವ ಚಿಕಿತ್ಸೆಗಳನ್ನು ಮುಂದಿಟ್ಟಿದೆ. ತೆಗೆದು ಹಾಕುವ ಗಾರ್ಡ್‌ಗಳನ್ನೂ ಸಾಮಾನ್ಯವಾಗಿ ಬೇಡ ಎಂದಿದೆ. ರಾತ್ರಿ ಹಲ್ಲು ಮಸೆದು ಸವೆಯುತ್ತಿದ್ದರೆ ಹಲ್ಲು ಕಾಯಲು ನಾನು ಈಗಲೂ ಕೊಡುತ್ತೇನೆ, ಆದರೆ ಒಂದೇ ಬಗೆಯದು: ಗಟ್ಟಿ ಹೀಟ್ ಕ್ಯೂರ್ ಅಕ್ರಿಲಿಕ್, ಒಂದು ದವಡೆಯ ಎಲ್ಲ ಹಲ್ಲನ್ನೂ ಮುಚ್ಚಬೇಕು, ಹಿಂದೆ 2 ಮಿ.ಮೀ. ದಪ್ಪ, ನಡುವೆ ಬಣ್ಣದ ಕಾಗದವಿಟ್ಟು ಕಚ್ಚಿದಾಗ ಎದುರಿನ ಪ್ರತಿ ಹಲ್ಲೂ ಅದರ ಮೇಲೆ ಗುರುತು ಬಿಡಬೇಕು. ರಾತ್ರಿ ಮಾತ್ರ. ಎರಡು ವಾರಕ್ಕೆ ಗಾರ್ಡನ್ನು ಮತ್ತೆ ತೇಯ್ದು ಹೊಂದಿಸಬೇಕು, ಏಕೆಂದರೆ ಸ್ನಾಯು ಸಡಿಲಾದಂತೆ ಗುರುತುಗಳು ಜಾಗ ಬದಲಿಸುತ್ತವೆ. ಒಂದೇ ಒಂದು ಹಲ್ಲು ಹೊರಗುಳಿದರೂ ಅದು ಏಳಬಹುದು.

ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ: ಕಳೆದ ತಿಂಗಳು ಕೆಳಗಿನ ದವಡೆಹಲ್ಲಿಗೆ ಕ್ಯಾಪ್ ಹಾಕಿಸಿದ್ದು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ಕ್ಯಾಪ್ ಎತ್ತರವಾಗಿ ಕೂತಿರಬಹುದು. ಮರಗಟ್ಟಿಸಿದ ಬಾಯಿಯಲ್ಲಿ ಕಚ್ಚಿ ನೋಡಿದ್ದರೆ ಆ ಪರೀಕ್ಷೆ ನಂಬುವಂಥದ್ದಲ್ಲ, ದವಡೆ ಎಲ್ಲಿ ಕೂಡಿತೆಂದು ನಿಮಗೇ ತಿಳಿದಿರುವುದಿಲ್ಲ. ಮೆಲ್ಲಗೆ ಬಾಯಿ ಮುಚ್ಚಿದಾಗ ಆ ಹಲ್ಲು ಮೊದಲು ತಾಕುತ್ತಿದ್ದರೆ ಈ ವಾರವೇ ಕ್ಯಾಪ್ ಹಾಕಿದ ಡಾಕ್ಟರ ಬಳಿ ಹೋಗಿ, ನೇರ ಕೂತು ಬಣ್ಣದ ಕಾಗದ ಕಚ್ಚಿ, ಎತ್ತರವಿದ್ದಷ್ಟನ್ನು ಕ್ಯಾಪಿನಿಂದಲೇ ತೆಗೆಸಿ. ಎದುರಿನ ಒಳ್ಳೆಯ ಹಲ್ಲಿಗೆ ಕೈ ಹಾಕಲು ಬಿಡಬೇಡಿ. ಹತ್ತು ನಿಮಿಷದ ಕೆಲಸ.