ಪೆಟ್ರೋಲ್ ಸಬ್ಸಿಡಿ ತೆಗೆದರೂ ಭಾರತದಲ್ಲಿ ದೊಡ್ಡ ಗಲಾಟೆ ಯಾಕೆ ಆಗಲಿಲ್ಲ?

ನೈಜೀರಿಯಾ, ಈಕ್ವೆಡಾರ್‌ಗಳಲ್ಲಿ ಸಬ್ಸಿಡಿ ತೆಗೆದ ಕೂಡಲೇ ಜನ ಬೀದಿಗಿಳಿದರು, ನಮ್ಮವರು ಮಾತ್ರ ಹೇಗೆ ಸುಮ್ಮನಿದ್ದರು ಅಂತ ಕೇಳಿದ್ದೀರಿ. ನಾನು ಮುಧೋಳ ಕಡೆ ಒಂದು ಪೆಟ್ರೋಲ್ ಬಂಕ್‌ನಲ್ಲಿ ಲೆಕ್ಕ ಬರೆಯುವವನು, ಅರ್ಥಶಾಸ್ತ್ರ ಓದಿದವನಲ್ಲ. ನನಗೆ ಕಂಡಿದ್ದು ಇಷ್ಟು: ನಮ್ಮಲ್ಲಿ ಜನರಿಗೆ ಸಿಟ್ಟು ಬರುವಂಥ ಒಂದು ದಿನವೇ ಇಲ್ಲದಂತೆ ನೋಡಿಕೊಂಡರು.

ನೈಜೀರಿಯಾದಲ್ಲಿ 65 ನೈರಾ ಇದ್ದ ಒಂದು ಲೀಟರ್ ಪೆಟ್ರೋಲ್ 2012ರ ಜನವರಿ 1ರಂದು 141 ನೈರಾ ಆಯ್ತು. ಅದೂ ಹೊಸ ವರ್ಷದ ದಿನ! ದೇಶವೇ ಬಂದ್ ಆಗಿ, ಕೊನೆಗೆ 97ಕ್ಕೆ ಇಳಿಸಬೇಕಾಯ್ತು. ಈಕ್ವೆಡಾರ್‌ನಲ್ಲಿ 2019ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮೊರೆನೊ ಒಂದೇ ಆದೇಶದಲ್ಲಿ ಸಬ್ಸಿಡಿ ತೆಗೆದರು. ಗಲಾಟೆಗೆ ಹೆದರಿ ಸರ್ಕಾರ ರಾಜಧಾನಿ ಬಿಟ್ಟು ಬೇರೆ ಊರಿಗೆ ಹೋಯ್ತು. ಎರಡು ವಾರದೊಳಗೆ ಆದೇಶ ವಾಪಸ್.

ನಮ್ಮಲ್ಲೂ ಒಮ್ಮೆಲೇ ಏರಿಸಿದಾಗ ಜನ ಎದ್ದಿದ್ದಾರೆ. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟರು, ಜುಲೈ 5ಕ್ಕೆ ಭಾರತ್ ಬಂದ್. 2012ರ ಮೇನಲ್ಲಿ ಪೆಟ್ರೋಲ್ ಒಂದೇ ಏಟಿಗೆ ಏಳೂವರೆ ರೂಪಾಯಿ ಏರಿತು, ಮೇ 31ಕ್ಕೆ ಮತ್ತೆ ಬಂದ್. ಆಮೇಲೆ ದಾರಿ ಬದಲಾಯ್ತು. ಡೀಸೆಲ್ ಸರದಿ ಬಂದಾಗ, 2013ರ ಜನವರಿಯಿಂದ, ತಿಂಗಳಿಗೆ 50 ಪೈಸೆಯಂತೆ ಏರಿಸುತ್ತಾ ಹೋದರು. ಮನಮೋಹನ್ ಸಿಂಗ್ ಸರ್ಕಾರ ಶುರು ಮಾಡಿದ್ದನ್ನು ಮೋದಿ ಸರ್ಕಾರವೂ ಬಿಡಲಿಲ್ಲ. ಅಷ್ಟರಲ್ಲಿ ಕಚ್ಚಾ ತೈಲ ಅಗ್ಗವಾಯ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಹಿಡಿತವನ್ನೂ ಬಿಟ್ಟಾಗ ರೇಟ್ ಮೂರು ರೂಪಾಯಿಗೂ ಜಾಸ್ತಿ ಇಳಿಯಿತು. ರೇಟ್ ಇಳಿದ ದಿನ ಬಂದ್ ಮಾಡೋರು ಯಾರು?

ಬಂಕ್‌ನಲ್ಲಿ ಕೂತವರಿಗೆ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಮೊದಲು ರೇಟ್ ಬದಲಾಗುತ್ತಿದ್ದುದು 15ನೇ ತಾರೀಖು ಮತ್ತು ತಿಂಗಳ ಕೊನೆಯ ದಿನ, ಮಧ್ಯರಾತ್ರಿ. ಏರುತ್ತೆ ಅಂತ ಸಂಜೆ ಟಿವಿಯಲ್ಲಿ ಬಂತೆಂದರೆ ಮುಗೀತು, ಬೈಕಿನ ಪಾಳಿ ರಸ್ತೆತನಕ. ಟ್ರ್ಯಾಕ್ಟರ್‌ನವರು ಎರಡೆರಡು ಕ್ಯಾನ್ ಹಿಡಿದು ಡೀಸೆಲ್‌ಗೆ ಬರುತ್ತಿದ್ದರು. 'ಅಣ್ಣಾ, ಹನ್ನೆರಡು ಆಗಾಕ ಬಂತು, ಲಗೂ ಹಾಕೋ' ಅಂತ ಹುಡುಗರ ಮೇಲೆ ಕೂಗಾಟ. ಪಾಳಿಯಲ್ಲಿ ನಿಂತವರ ಬಾಯಲ್ಲಿ ಬೇರೆ ಮಾತೇ ಇಲ್ಲ, ಬರೀ ಸರ್ಕಾರಕ್ಕೆ ಬೈಗುಳ.

2017ರ ಜೂನ್ 16ರಿಂದ ದಿನಾ ರೇಟ್ ಬದಲಾಯಿಸುವ ಪದ್ಧತಿ ಬಂತು. ಬೆಳಗ್ಗೆ 6ಕ್ಕೆ ಹೊಸ ರೇಟ್ ಬರುತ್ತಿತ್ತು, ಹತ್ತು ಪೈಸೆ, ಇಪ್ಪತ್ತು ಪೈಸೆ. ಪಾಳಿಯೂ ಹೋಯ್ತು, ಬೈಗುಳವೂ ಹೋಯ್ತು. 'ನೂರು ರೂಪಾಯಿದು ಹಾಕ್ರಿ' ಅಂದು ಜನ ಮಷಿನ್‌ನಲ್ಲಿ ರೂಪಾಯಿ ನೋಡುತ್ತಾರೆ, ಕೆಳಗಿನ ಲೀಟರ್ ಅಂಕಿ ನೋಡುವವರು ಕಡಿಮೆ.

ಹಾಗಂತ ನಮ್ಮ ಕಡೆಯವರು ಮೆತ್ತಗಿನ ಜನ ಅಂದ್ಕೋಬೇಡಿ. 2025ರ ನವೆಂಬರ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕು ಅಂತ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಹೇಗೆ ಕೂತರು ನೋಡಿದ್ದೀರಲ್ಲ. ಸರ್ಕಾರ ಮಧ್ಯೆ ಬಂದು 3,300 ಅನ್ನಬೇಕಾಯ್ತು. ಕಬ್ಬಿನ ರೇಟ್ ಹಂಗಾಮಿಗೆ ಒಂದೇ ಸಲ, ಹಿಡಿದು ಕೇಳಲು ಎದುರಿಗೇ ಫ್ಯಾಕ್ಟರಿ ಇದೆ. ಅದೇ ಕಬ್ಬು ಹೊರುವ ಟ್ರ್ಯಾಕ್ಟರ್‌ನ ಡೀಸೆಲ್‌ಗೆ ಯಾರನ್ನು ಕೇಳೋದು? ರಾಜ್ಯ ಕೇಂದ್ರವನ್ನು ತೋರಿಸುತ್ತೆ, ಕೇಂದ್ರ ರಾಜ್ಯವನ್ನು ತೋರಿಸುತ್ತೆ, ಇಬ್ಬರೂ ಸೇರಿ ಕಚ್ಚಾ ತೈಲವನ್ನು ತೋರಿಸುತ್ತಾರೆ.

ಇನ್ನೊಂದು ಮಾತು. 'ಮುಕ್ತ ಬೆಲೆ', ಅಂದ್ರೆ ಸರ್ಕಾರದ ಹಿಡಿತ ಇಲ್ಲದ ಬೆಲೆ ಅನ್ನೋದನ್ನು ಪೂರ್ತಿ ನಂಬಬೇಡಿ. 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆಗೆ ಮೊದಲು, ಏಪ್ರಿಲ್ 24ರಿಂದ ರೇಟ್ ಅಲ್ಲಾಡಲೇ ಇಲ್ಲ. ಮೇ 12ಕ್ಕೆ ಮತದಾನ ಮುಗಿಯಿತು, 14ರಿಂದ ದಿನಾ ಏರಿಕೆ. 16 ದಿನ ಏರಿಸಿ ಮೇ 30ರಂದು ಇಳಿಸಿದ್ದು ಎಷ್ಟು ಗೊತ್ತಾ? 1 ಪೈಸೆ. ಬಂಕ್‌ಗೆ ಬಂದವರೆಲ್ಲ ಆ ಪೈಸೆ ವಾಪಸ್ ಕೊಡಿ ಅಂತ ನಮ್ಮನ್ನೇ ಕಾಡಿಸಿದರು.

ಕಚ್ಚಾ ತೈಲ ಇಳಿದಾಗ ಆ ಲಾಭ ನಮ್ಮ ಕೈಗೆ ಬಂದಿದ್ದೂ ಕಡಿಮೆ. 2014ರಲ್ಲಿ ಪೆಟ್ರೋಲ್ ಮೇಲೆ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ 9.48 ರೂಪಾಯಿ ಇತ್ತು, 2020ರ ಮೇನಲ್ಲಿ 32.98 ಆಯ್ತು. ಆ ತಿಂಗಳು ಪೆಟ್ರೋಲ್ ಸುಂಕ 10 ರೂಪಾಯಿ, ಡೀಸೆಲ್ ಸುಂಕ 13 ರೂಪಾಯಿ ಏರಿಸಿದರೂ ಬಂಕ್‌ನ ರೇಟ್ ಏರಲಿಲ್ಲ. ಇಳಿಯಬೇಕಾಗಿದ್ದು ಇಳಿಯಲಿಲ್ಲ, ಅಷ್ಟೇ. ಇಳಿಯದ ಬೆಲೆಗೆ ಯಾರೂ ಟೈರ್ ಸುಡೋದಿಲ್ಲ. ಆಮೇಲೆ ಎರಡು ಸಲ ಸುಂಕ ಇಳಿಸಿದರು ಅನ್ನೋದೂ ನಿಜ, ಮೊದಲನೆಯದು 2021ರ ದೀಪಾವಳಿಗೆ, ಇನ್ನೊಂದು 2022ರ ಮೇನಲ್ಲಿ.

ರಾಜ್ಯ ಸರ್ಕಾರಗಳಿಗೆ ಮಾತ್ರ ಈ ಉಪಾಯ ಇಲ್ಲ. ನಮ್ಮ ಸರ್ಕಾರ 2024ರಲ್ಲಿ ಲೋಕಸಭೆ ಚುನಾವಣೆ ಮುಗಿಯೋ ತನಕ ಕಾದು, ಜೂನ್‌ನಲ್ಲಿ ಮಾರಾಟ ತೆರಿಗೆ ಏರಿಸಿತು. ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು 3 ರೂಪಾಯಿ ಮೇಲೆ. 2025ರ ಏಪ್ರಿಲ್ 1ಕ್ಕೆ ಡೀಸೆಲ್ ಮತ್ತೆ 2 ರೂಪಾಯಿ. ಎರಡು ವಾರಕ್ಕೆ ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದರು. ತೆರಿಗೆಯನ್ನು ದಿನಕ್ಕೆ ಐದೈದು ಪೈಸೆ ಏರಿಸೋಕೆ ಬರೋದಿಲ್ಲವಲ್ಲ, ಅಲ್ಲಿ ಸಿಕ್ಕಿಬೀಳುತ್ತಾರೆ.