ಹೃದಯಾಘಾತದ ನಂತರ ಸ್ಟೆಮ್ ಸೆಲ್ ಚಿಕಿತ್ಸೆಗೆ ಹಣ ಹೊಂದಿಸಬೇಕೇ?

ಕಾರವಾರದಲ್ಲಿರುವ ತಂದೆಯವರಿಗೆ ಹೃದಯಾಘಾತವಾಗಿ ಮೂರು ತಿಂಗಳಾಯಿತು, ಸ್ಟೆಮ್ ಸೆಲ್ ಚಿಕಿತ್ಸೆಗೆ ಅಮ್ಮನ ಒಡವೆ ಅಡವಿಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಇಡಬೇಡಿ.

ರಕ್ತ ಸಿಗದೆ ಸತ್ತ ಹೃದಯಸ್ನಾಯುವಿನ ಜಾಗದಲ್ಲಿ ಗಾಯದ ಕಲೆಯಂಥ ಅಂಗಾಂಶ ಬೆಳೆಯುತ್ತದೆ, ಅದು ಮಿಡಿಯುವುದಿಲ್ಲ. ರಂಪಣಿ ಬಲೆ ಎಳೆಯುವ ಸಾಲಿನಲ್ಲಿ ಕೆಲವರು ಹಗ್ಗ ಬಿಟ್ಟರೆ ಉಳಿದವರ ತೋಳಿಗೆ ಭಾರ ಬೀಳುತ್ತದಲ್ಲ, ಹಾಗೆಯೇ ಉಳಿದ ಸ್ನಾಯು ದಣಿಯುತ್ತದೆ. ಆ ಜಾಗ ತುಂಬೀತೆಂದು, ಸೊಂಟದ ಮೂಳೆಯ ಮಜ್ಜೆಯಿಂದ ತೆಗೆದ, ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಇರುವ ಕೋಶಗಳನ್ನು ಹೃದಯದ ರಕ್ತನಾಳಕ್ಕೆ ಬಿಟ್ಟು ವೈದ್ಯರು ಎರಡು ದಶಕ ಪ್ರಯೋಗ ಮಾಡಿದ್ದಾರೆ. ಆ ಕೋಶಗಳಲ್ಲಿ ಹೆಚ್ಚಿನವು ಅಲ್ಲಿ ನಿಲ್ಲುವುದೇ ಇಲ್ಲ, ಹೊಸ ಸ್ನಾಯುವೂ ಆಗುವುದಿಲ್ಲ. 375 ರೋಗಿಗಳಿದ್ದ ಯುರೋಪಿನ ‘ಬಾಮಿ’ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಸಾವು ಕಡಿಮೆಯಾಯಿತೆಂಬ ಪುರಾವೆ ಅದರಲ್ಲೂ ಸಿಗಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಹೃದಯಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ಮಾಡಬಹುದು. ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ತಂದೆಯವರ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ‘ಇ.ಎಫ್.’ ಎಂಬುದರ ಮುಂದಿರುವ ಸಂಖ್ಯೆ ನೋಡಿ; ಪ್ರತಿ ಮಿಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಲೆಕ್ಕವದು. ಅದು 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಆಯಸ್ಸು ಹೆಚ್ಚಿಸುವುದು ಸಾಬೀತಾದ ಮಾತ್ರೆಗಳಿವೆ. ಮಣಿಪಾಲವೋ ಹುಬ್ಬಳ್ಳಿಯೋ, ದೂರವಾದರೂ ಹೃದ್ರೋಗ ತಜ್ಞರಿಗೆ ಆ ವರದಿ ತೋರಿಸಿ. ಈಗಿರುವ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ.